ಹೆಸರು ಕೊರೆಸಿದ ತಟ್ಟೆ

ರಾಮನಗರದ ಕಡೆ, ಕೈಲಾಂಚದ ಹತ್ತಿರ ನಮ್ಮಕ್ಕನ ಮನೆಯಿದೆ. ಆ ಮನೆಯ ಅಡಿಗೆಕೋಣೆಯಲ್ಲಿ, ಗೋಡೆಗೆ ಹೊಡೆದ ಪಾತ್ರೆ ಸ್ಟ್ಯಾಂಡಿನಲ್ಲಿ, ನನ್ನ ಹೆಸರು ಕೊರೆಸಿದ ಒಂದು ಸ್ಟೀಲ್ ತಟ್ಟೆಯಿದೆ. ಇದೇನು ಮಹಾ ವಿಷಯ ಎಂದು ನೀವು ನಗಬಹುದು. ತಂಗಿಯ ಹೆಸರಿನ ತಟ್ಟೆ ಅಕ್ಕನ ಮನೆಯಲ್ಲಿ, ಅಕ್ಕನ ಹೆಸರಿನ ಚೊಂಬು ತಂಗಿಯ ಮನೆಯಲ್ಲಿ ಇಲ್ಲದ ಸಂಸಾರ ನಮ್ಮ ಕಡೆ ಯಾವುದಿದೆ ಹೇಳಿ! ನಮ್ಮಿಬ್ಬರ ಮದುವೆಗೂ ಅಪ್ಪ ಚನ್ನಪಟ್ಟಣದಲ್ಲಿ ಪಾತ್ರೆ ತೆಗೆದು, ಅಂಗಡಿಯ ಮೆಟ್ಟಿಲ ಮೇಲೆ ಕೂತಿರುತ್ತಿದ್ದ ಹೆಸರು ಕೊರೆಯುವವನ ಮುಂದೆ ನಿಂತು, ಒಂದೊಂದಕ್ಕೂ ಗುರ್ ಎನ್ನಿಸಿ ಹೆಸರು ಹಾಕಿಸಿದ್ದರು. ಅಕ್ಕನವಕ್ಕೆ ‘ಸಾಕಮ್ಮ’, ನನ್ನವಕ್ಕೆ ‘ಕಮಲ’. ಯಾವುದೋ ಹಬ್ಬದಲ್ಲಿ ಒಬ್ಬಟ್ಟು ಇಟ್ಟುಕೊಂಡು ಹೋದ ನನ್ನ ತಟ್ಟೆ ಅಲ್ಲೇ ಉಳಿಯಿತು. ವಾಪಸ್ಸು ಕೇಳಿದರೆ ಅಕ್ಕ, “ಇರ್ಲಿ ಬುಡಮ್ಮಿ, ನೀನ್ ಬಂದಾಗ ನಿಂಗೇ ಇಕ್ತೀನಿ” ಎಂದಳು. ಹತ್ತಿರ ಹತ್ತಿರ ನಲವತ್ತು ವರ್ಷ ಆ ಮನೆಯಲ್ಲಿ ನನ್ನ ಮುದ್ದೆ ಬಿದ್ದದ್ದು ನನ್ನ ಹೆಸರಿನ ಮೇಲೆಯೇ. ಈಗ ಹಾಗಿಲ್ಲ. ಯಾಕೆಂದು ಹೇಳಬೇಕಾದರೆ ಸ್ವಲ್ಪ ಸುತ್ತಿ ಬರಬೇಕು, ಬೇಸರ ಮಾಡಿಕೊಳ್ಳಬೇಡಿ.

ನಾನು ಚನ್ನಪಟ್ಟಣದ ಹೈಸ್ಕೂಲೊಂದರಲ್ಲಿ ವಿಜ್ಞಾನ ಪಾಠ ಹೇಳಿ ನಿವೃತ್ತಳಾದವಳು. ನಿವೃತ್ತಿಯೆಂದರೆ ವಿಶ್ರಾಂತಿ ಎಂದು ನಂಬಿದ್ದ ಪೆದ್ದಿಯೂ ಹೌದು. ಕೆಲಸ ಬಿಟ್ಟ ಮರುತಿಂಗಳಿಂದಲೇ ನಮ್ಮ ಜಗಲಿಗೆ ಜನ ಬರತೊಡಗಿದರು. ಕೈಯಲ್ಲಿ ಸೀರೆ ಅಂಗಡಿಯ ಕವರು, ಕವರಿನೊಳಗೆ ಮಡಿಸಿ ಮಡಿಸಿ ಅಂಚು ಸವೆದ ರಿಪೋರ್ಟು. “ಒಸಿ ನೋಡಿ ಹೇಳಿ ಟೀಚ್ರಮ್ಮ, ಡಾಕ್ಟ್ರು ಬರ್ಕೊಟ್ಟವ್ರೆ, ಬಾಯ್ಬುಟ್ಟು ಏನೂ ಹೇಳ್ಲಿಲ್ಲ.” ಅಕ್ಕೂರಿನ ರೈತರು, ಗೊಂಬೆ ಮಾಡುವ ಮನೆಗಳ ಸಾಬರ ಹೆಂಗಸರು, ಎರಡು ಬಸ್ಸು ಬದಲಿಸಿ ಮಾಗಡಿಯಿಂದ ಬರುವ ಬೀಗರ ಬೀಗರು, ಎಲ್ಲರಿಗೂ ನನ್ನ ಜಗಲಿ ಗೊತ್ತು. ನಾನು ಡಾಕ್ಟರಲ್ಲಪ್ಪ, ಬರೀ ಇಂಗ್ಲಿಷು ಓದಬಲ್ಲವಳು ಎಂದರೆ, ಅಷ್ಟು ಸಾಕಲ್ವಾ ಎಂದು ಚಾಪೆ ಎಳೆದುಕೊಂಡು ಕೂರುತ್ತಾರೆ. ಕಾಫಿ ಆರುತ್ತದೆ, ನಾನು ಕನ್ನಡಕ ಹುಡುಕುತ್ತೇನೆ.

ಹಳೆಯ ಕಾಯಿಲೆಗಳನ್ನು ಹೇಳುವುದು ಸುಲಭ. ಅವು ನಮ್ಮ ಮನೆಯಲ್ಲೇ ಹುಟ್ಟಿ ಬೆಳೆದಂಥವು, ಹೆಸರೂ ಮನೆಯವರೇ ಇಟ್ಟದ್ದು. ಆಸ್ತಮಾ ಎಂದಿದ್ದರೆ ಗೂರಲು ಎಂದರಾಯಿತು. ಆ ಮಾತು ನುಡಿಯುವಾಗಲೇ ಎದೆಯೊಳಗಿನ ಗೊರಗೊರ ಕೇಳಿಸುತ್ತದೆ. ಹರ್ಪಿಸ್ ಜೋಸ್ಟರ್ ಎಂದಿದ್ದರೆ ಸರ್ಪಸುತ್ತು, ಮಂಪ್ಸ್ ಎಂದಿದ್ದರೆ ಮಂಗನಬಾವು, ಜಾಂಡೀಸ್ ಎಂದಿದ್ದರೆ ಅರಿಶಿನ ಕಾಮಾಲೆ. ಕೂಸುಗಳ ಮೈಮೇಲೆ ನೀರುಗುಳ್ಳೆ ಎದ್ದರಂತೂ ಅದು ಕಾಯಿಲೆಯ ಲೆಕ್ಕಕ್ಕೇ ಸೇರುವುದಿಲ್ಲ, “ಅಮ್ಮ ಬಂದವ್ಳೆ” ಎನ್ನುತ್ತಾರೆ. ಬೇವಿನ ಸೊಪ್ಪು ಹಾಸಿ, ಮನೆ ತಂಪಾಗಿಟ್ಟು, ಮರ್ಯಾದೆಯಿಂದ ಕಳಿಸಿಕೊಡಬೇಕಾದ ನೆಂಟಳು ಅವಳು. ಆಮೇಲೆ ಬಂದ ಶುಗರ್ರು, ಬಿಪಿ, ಥೈರಾಯ್ಡುಗಳು ಹೆಸರು ಬದಲಿಸಿಕೊಳ್ಳದೆಯೇ ನಮ್ಮವಾಗಿಬಿಟ್ಟವು. “ನಂದು ಇನ್ನೂರೈತೆ, ನಿಂದೆಷ್ಟೈತೆ?” ಎಂದು ರಾಮನಗರದ ಬಸ್ ಸ್ಟ್ಯಾಂಡಿನಲ್ಲಿ, ಮಕ್ಕಳ ಮಾರ್ಕ್ಸು ವಿಚಾರಿಸಿದಂತೆ, ಅಪರಿಚಿತರೂ ಕೇಳುತ್ತಾರೆ.

ಕಷ್ಟ ಬರುವುದು ಕ್ಯಾನ್ಸರಿನ ಕಾಗದ ಬಂದಾಗ. ಅದು ಒಂದು ಕಾಯಿಲೆಯ ಹೆಸರೇ? ಒಂದು ದೊಡ್ಡ ಬಳಗದ ಮನೆತನದ ಹೆಸರು. ಚರ್ಮದಲ್ಲೋ ಅಂಗಾಂಗಗಳ ಒಳಪೊರೆಯಲ್ಲೋ ಹುಟ್ಟಿದರೆ ಕಾರ್ಸಿನೋಮಾ, ಮೂಳೆ ಮಾಂಸಗಳಲ್ಲಿ ಹುಟ್ಟಿದರೆ ಸಾರ್ಕೋಮಾ, ರಕ್ತದ್ದಾದರೆ ಲ್ಯುಕೀಮಿಯಾ, ದುಗ್ಧಗ್ರಂಥಿಗಳದ್ದಾದರೆ ಲಿಂಫೋಮಾ. ಇವುಗಳ ಹಿಂದೆ ಮುಂದೆ ಬಾಲಂಗೋಚಿಯಂತೆ ಇನ್ನಷ್ಟು ಪದಗಳು, ಪದಗಳ ಕೊನೆಗೆ ಸ್ಟೇಜು, ಗ್ರೇಡು. ನಿಘಂಟು ತೆಗೆದರೆ ‘ಅರ್ಬುದ’ ಎಂದಿದೆ, ‘ಏಡಿಗಂತಿ’ ಎಂದಿದೆ. ಒಂದು ಸಲ ಭಾಷಾಭಿಮಾನ ಉಕ್ಕಿ ಬಂದು, ಮಾಗಡಿ ಕಡೆಯ ಒಬ್ಬ ಯಜಮಾನರಿಗೆ, ನಿಮಗಾಗಿರುವುದು ಅರ್ಬುದ ಎಂದು ಗಂಭೀರವಾಗಿ ಹೇಳಿಬಿಟ್ಟೆ. ಅವರು ಉಸ್ಸಪ್ಪಾ ಎಂದು ಟವೆಲ್ಲಿನಿಂದ ಮುಖ ಒರೆಸಿಕೊಂಡು, “ಸದ್ಯ, ಕ್ಯಾನ್ಸರ್ ಅಲ್ವಲ್ಲ ಕಣವ್ವ, ನಮ್ಮಪ್ಪ ದೊಡ್ಡೋನು” ಎಂದು ಮುಗಿಲಿಗೆ ಕೈ ಮುಗಿದರು. ಆ ಮುಗಿದ ಕೈಗಳನ್ನು ಬಿಡಿಸುವ ಕೆಲಸ ನನ್ನ ಪಾಲಿಗೆ ಬಂತು. ಅವತ್ತೇ ನಿಘಂಟನ್ನು ಅಟ್ಟಕ್ಕೆ ಹಾಕಿದೆ.

ಜನರ ಬಾಯಲ್ಲಿ ಇದಕ್ಕೆ ಹೆಸರೇ ಇಲ್ಲ. ‘ದೊಡ್ಡ ಕಾಯಿಲೆ’ ಎನ್ನುತ್ತಾರೆ, ‘ಆ ಕಾಯಿಲೆ’ ಎನ್ನುತ್ತಾರೆ, ತೀರಾ ಹತ್ತಿರದವರಿಗಾದರೆ ದನಿ ತಗ್ಗಿಸಿ ಬರೀ ‘ಅದು’ ಎನ್ನುತ್ತಾರೆ. ಕಾಗದದಲ್ಲಿ ಒಂದು ಸಾಲು ಉದ್ದದ ಹೆಸರು, ಬಾಯಲ್ಲಿ ಎರಡಕ್ಷರದ ‘ಅದು’. ನಡುವೆ ಕನ್ನಡಕ ಹಾಕಿಕೊಂಡು ಕೂತ ನಾನು. ಮೊದಮೊದಲು ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದೆ. ಹೇಳಿದಾಗ ಎದುರಿಗಿದ್ದವರ ಮುಖ ಏನಾಗುತ್ತದೆ ಎಂಬುದನ್ನು ನೋಡಿ ನೋಡಿ, ನಿಜ ಹೇಳುತ್ತೇನೆ, ನನಗೆ ಸಾಕಾಗಿ ಹೋಯಿತು. ಹಾಗಾಗಿ ಒಂದು ಅಡ್ಡದಾರಿ ಕಲಿತೆ. “ಗಡ್ಡೆ ಥರ ಏನೋ ಇದೆಯಂತೆ, ಒಸಿ ದಿನ ಔಷಧಿ ತಗೋಬೇಕಂತೆ, ಡಾಕ್ಟರು ಹೇಳಿದ ಹಾಗೆ ಕೇಳಿ” ಎನ್ನುವುದು, ಕಾಗದ ಮಡಿಸಿ ಕವರಿಗೆ ಹಾಕುವುದು, ಆಮೇಲೆ ಮಗನನ್ನೋ ಅಳಿಯನನ್ನೋ ಗೇಟಿನವರೆಗೆ ಕರೆದುಕೊಂಡು ಹೋಗಿ ಅಲ್ಲಿ ಹೆಸರು ಹೇಳುವುದು. ರೋಗಿಗೊಂದು ಮಾತು, ಗೇಟಿಗೊಂದು ಮಾತು. ಇದನ್ನು ದಯೆ ಎಂದು ಕರೆದುಕೊಂಡು ನೆಮ್ಮದಿಯಾಗಿದ್ದೆ.

ಇನ್ನು ಅಕ್ಕನ ಮಾತಿಗೆ ಬರುತ್ತೇನೆ. ಭಾವ ತೀರಿಕೊಂಡು ಹತ್ತು ವರ್ಷದ ಮೇಲಾಯಿತು. ಮಗ ರವಿ, ಸೊಸೆ ಮಂಜುಳ, ಆಗ ಏಳು ತಿಂಗಳಾಗಿದ್ದ ಅವರ ಹೆಣ್ಣುಕೂಸು, ಒಂದು ತೋಟ ಹಿಪ್ಪುನೇರಳೆ, ಹಿತ್ತಲಿನ ಆಚೆ ರೇಷ್ಮೆ ಹುಳದ ಮನೆ, ಇಷ್ಟು ಅಕ್ಕನ ಪ್ರಪಂಚ. ಅಕ್ಷರ ಕಲಿಯಲಿಲ್ಲ. ಆದರೆ ಹುಳದ ವಿಷಯಕ್ಕೆ ಬಂದರೆ ಅವಳ ಮುಂದೆ ನನ್ನ ಬಿ.ಎಸ್ಸಿ. ಏನೇನೂ ಅಲ್ಲ. ಹುಳಕ್ಕೆ ಬರುವ ಒಂದೊಂದು ರೋಗವೂ ಅವಳಿಗೆ ಗೊತ್ತು, ಅವಕ್ಕಿರುವ ಹೆಸರುಗಳಾದರೂ ಎಂಥವು! ಮೈ ಊದಿ, ಮುಟ್ಟಿದರೆ ಹಾಲಿನಂಥ ನೀರು ಸುರಿಸಿ ಸಾಯುವುದು ಹಾಲುತೊಂಡೆ. ಸೊಪ್ಪು ಬಿಟ್ಟು ಜೋಲು ಬೀಳುವುದು ಸಪ್ಪೆರೋಗ. ಸತ್ತ ಮೇಲೆ ಬೆಳ್ಳಗೆ ಗಟ್ಟಿಯಾಗುವುದು ಸುಣ್ಣಕಟ್ಟು. ಹುಳದ ಕಾಯಿಲೆಗೆ ಇಷ್ಟು ಚೆಂದದ ಹೆಸರಿಟ್ಟ ನಾಲಿಗೆ, ಹೆತ್ತವಳ ಕಾಯಿಲೆಗೆ ‘ಅದು’ ಎಂದು ಸುಮ್ಮನಾಗುತ್ತದಲ್ಲ ಎಂದು ನಾನು ಎಷ್ಟೋ ಸಲ ಬೇಸರಪಟ್ಟಿದ್ದೇನೆ.

ಆದರೆ ಈ ಹೆಸರುಗಳನ್ನು ಅಕ್ಕ ಹೇಳುತ್ತಿದ್ದುದು ಜಗಲಿಯ ಮೇಲೆ ಕೂತಾಗ ಮಾತ್ರ. ಹುಳದ ಮನೆಯ ಹೊಸಿಲು ದಾಟಿದರೆ ಆ ಹೆಸರು ಎತ್ತುವಂತಿಲ್ಲ. ಅದು ಅವಳ ಅತ್ತೆಯ ಕಾಲದಿಂದ ಬಂದ ಕಟ್ಟುಪಾಡು. ಒಳಗೆ ಹುಳು ಸಣ್ಣದಾಗಿದ್ದರೆ, ಮೇಯುವುದು ತಡವಾದರೆ, ಬಾಯಿ ತುಂಬ ಬೈಯುತ್ತಾಳೆ. ಹಬ್ಬುವ ರೋಗ ಕಂಡರೆ ಮಾತ್ರ ತುಟಿ ಹೊಲಿದುಕೊಂಡ ಹಾಗೆ ಸುಮ್ಮನಾಗುತ್ತಾಳೆ. ಹೊಸಿಲಿಗೆ ಸುಣ್ಣದ ಗೆರೆ ಎಳೆದು, ಕೆಟ್ಟ ಹುಳುಗಳನ್ನು ಕಡ್ಡಿಯಲ್ಲಿ ಆರಿಸಿ ಸುಣ್ಣದ ಬಟ್ಟಲಿಗೆ ಹಾಕಿ, ಕೈ ತೊಳೆದು, ಉಳಿದವಕ್ಕೆ ಸೊಪ್ಪು ಕೊಡುತ್ತಾಳೆ. ಯಾರೂ ಏನೂ ಕೇಳುವುದಿಲ್ಲ. ಒಂದು ಕೆಟ್ಟ ಹುಳು ಉಳಿದರೆ ಬೆಳೆಯೇ ಹೋಯಿತು ಎನ್ನುವುದು ಆ ಮನೆಯಲ್ಲಿ ಕೂಸಿಗೂ ಗೊತ್ತು.

ಒಂದು ಬೆಳಿಗ್ಗೆ ರವಿ ನಮ್ಮ ಜಗಲಿಗೆ ಬಂದ. ಅವನ ಕೈಯಲ್ಲೂ ಸೀರೆ ಅಂಗಡಿಯ ಕವರು. ಅಕ್ಕನ ಎದೆಯಲ್ಲಿ ಗಟ್ಟಿಯಾಗಿ ಸಿಕ್ಕಿದ್ದನ್ನು ಸೂಜಿ ಹಾಕಿ ಪರೀಕ್ಷೆಗೆ ಕಳಿಸಿದ್ದರಂತೆ. ಕಾಗದದಲ್ಲಿ ‘ಇನ್ವೇಸಿವ್ ಡಕ್ಟಲ್ ಕಾರ್ಸಿನೋಮಾ’ ಎಂದಿತ್ತು. ಎಷ್ಟೋ ಜನರಿಗಾಗಿ ಓದಿದ್ದ ಮೂರು ಪದಗಳು, ಅವತ್ತು ಎರಡೆರಡು ಸಲ ಓದಿದರೂ ತಲೆಗೆ ಇಳಿಯಲಿಲ್ಲ. ಹಾಲಿನ ನಾಳದಲ್ಲಿ ಹುಟ್ಟಿ, ನಾಳದ ಗೋಡೆ ದಾಟಿ ಸುತ್ತಲಿಗೆ ಕಾಲಿಟ್ಟಿರುವುದು ಎಂದು ಅದರ ಅರ್ಥ. ರವಿ, “ಅವ್ವಂಗೆ ಹೇಳ್ಬ್ಯಾಡ ಚಿಕ್ಕವ್ವ, ಎದೆ ಒಡ್ಕೊಂಡ್ಬುಡ್ತಳೆ” ಎಂದ. ಹೇಳಲೇಬೇಕು ಎನ್ನಲು ನನಗೆ ಬಾಯಿಯೆಲ್ಲಿತ್ತು? ನಾನೇ ಕಲಿತ ವಿದ್ಯೆಯಲ್ಲವೇ. ಮಾರನೆಯ ದಿನ ಹೋಗಿ, ನನ್ನ ತಟ್ಟೆಯಲ್ಲಿ ಮುದ್ದೆ ಮುರಿಯುತ್ತಾ, “ಗಡ್ಡೆ ಕಣಕ್ಕ, ಕರಗಕ್ಕೆ ಡ್ರಿಪ್ಪು ಹಾಕ್ತಾರಂತೆ” ಎಂದೆ. ಅಕ್ಕ ನನ್ನನ್ನೇ ನೋಡಿದಳು. “ಅದ್ಕೊಂದ್ ಹೆಸ್ರೈತಾ?” ಎಂದು ಕೇಳಿದಳು. “ಗಡ್ಡೆಗೇನು ಹೆಸರು, ಸುಮ್ಮನೆ ಉಣ್ಣು” ಎಂದೆ. ಅವಳು ತನ್ನ ತಟ್ಟೆ ಎತ್ತಿಕೊಂಡು ಎದ್ದಳು.

ಬೆಂಗಳೂರಿನ ದೊಡ್ಡ ಆಸ್ಪತ್ರೆಯೊಂದಕ್ಕೆ ಇಪ್ಪತ್ತೊಂದು ದಿನಕ್ಕೊಮ್ಮೆ ಹೋಗುವುದು ಶುರುವಾಯಿತು. ರಾಮನಗರದಲ್ಲಿ ರೈಲು ಹತ್ತಿ ಹೋಗಿ, ಕೈಗೆ ಸೂಜಿ ಚುಚ್ಚಿಸಿಕೊಂಡು ಅರ್ಧ ದಿನ ಕೂತು, ವಾಂತಿಗೆ ಕವರು ಹಿಡಿದು ಸಂಜೆ ಬರುವುದು. “ಇದೂ ಒಂದು ಹುಳದ ಬೆಳೆ ಕಂಡಂಗೈತೆ, ದಿನ ಎಣಿಸ್ಕೊಂಡು ಕೂತ್ಕಬೇಕು” ಎಂದು ಅಕ್ಕ ಮೊದಲ ಸಲ ನಕ್ಕಳು. ಎರಡನೆಯ ಸಲದ ಹೊತ್ತಿಗೆ ಕೂದಲು ಕೈಗೆ ಬಂತು, ನಗು ನಿಂತಿತು. ಔಷಧಿ ಉಷ್ಣ ಎಂದೆವು. ನಾನು, ರವಿ, ಮಂಜುಳ ಮೂವರೂ ಅವಳ ಮುಂದೆ ಹವಾಮಾನದ ಮಾತಾಡಿದೆವು, ಸೊಪ್ಪಿನ ಮಾತಾಡಿದೆವು, ಅವಳು ಒಳಗೆ ಬಂದರೆ ಮಾತು ನಿಲ್ಲಿಸಿದೆವು.

ಮೂರನೆಯ ಸಲಕ್ಕೆ ಮೂರು ದಿನವಿದೆ ಎನ್ನುವಾಗ ಮಂಜುಳ ಫೋನು ಮಾಡಿದಳು. ಅಳು ತಡೆದುಕೊಂಡ ದನಿ. “ಚಿಕ್ಕತ್ತೆ, ಅತ್ತೆ ಮಗೀನ ಮುಟ್ತಾನೇ ಇಲ್ಲ. ಎರಡು ತಿಂಗಳಾಯ್ತು. ಮೊದ್ಲು ಅವ್ರೇ ಕಾಲ್ಮೇಲೆ ಹಾಕ್ಕೊಂಡು ನೀರು ಹುಯ್ತಿದ್ರು. ಈಗ ಅದು ಅಂಬೆಗಾಲಲ್ಲಿ ಅವ್ರ ತಾವ ಹೋದ್ರೆ, ಎತ್ಕೊಂಡೋಗು ಅಂತ ಕಿರುಚ್ತಾರೆ. ವಾಂತಿ ಬತ್ತದೆ ಅಂದ್ಕೊಂಡು ಊಟಾನೂ ಹಿತ್ತಲಲ್ಲೇ ಮಾಡ್ತಾರೆ. ನನ್ನ ಮಗೀನ ಕಾಲ್ಗುಣದಿಂದ ಕಾಯಿಲೆ ಬಂತು ಅಂತ ಅವ್ರ ಮನ್ಸಿಗೆ ಬಂದ್ಬುಟ್ಟೈತೆ ಚಿಕ್ಕತ್ತೆ. ಈಗ ನೋಡುದ್ರೆ ಆಸ್ಪತ್ರೆಗೂ ಬರಲ್ಲ, ತೋಟದ್ ಶೆಡ್ನಾಗೆ ಇದ್ದುಬುಡ್ತೀನಿ ಅಂತ ಹಟ ಹಿಡಿದವ್ರೆ.” ನಾನು ಸೀರೆ ಕೂಡ ಬದಲಿಸದೆ ಬಸ್ಸು ಹತ್ತಿದೆ.

ಅಕ್ಕ ಹಿತ್ತಲಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಹತ್ತಿರ, ತಲೆಗೆ ಟವೆಲ್ಲು ಸುತ್ತಿಕೊಂಡು ಕೂತಿದ್ದಳು. ಪಕ್ಕದಲ್ಲಿ ಅವಳ ಹೆಸರಿನ ತಟ್ಟೆ, ಲೋಟ, ಒಂದು ಚೊಂಬು. ಊಟ ಅಲ್ಲೇ, ತೊಳೆಯುವುದೂ ಅಲ್ಲೇ. ಅವಳಿಗೂ ಅಡಿಗೆಮನೆಯ ಬಾಗಿಲಿಗೂ ನಡುವೆ ನೆಲದ ಮೇಲೆ ಸುಣ್ಣದ ಗೆರೆ. ನಾನು ಆ ಗೆರೆ ನೋಡಿ ನಿಂತೆ. ಹುಳದ ಮನೆಯ ಹೊಸಿಲಿಗೆ ಎಳೆಯುವಂಥದೇ, ಅಷ್ಟೇ ನೇರ.

“ಇದೇನಕ್ಕ?” ಎಂದೆ.

“ಅಲ್ಲೇ ನಿಂತ್ಕೊ. ನೀನು ಮೊದ್ಲೇ ಸಕ್ಕರೆ ಕಾಯಿಲೆಯೋಳು, ದಾಟ್ಬ್ಯಾಡ.”

“ಯಾರು ಹೇಳಿದರು ನಿನಗೆ ಹೀಗೆ ಕೂತುಕೋ ಅಂತ?”

“ಯಾರೂ ಹೇಳ್ಲಿಲ್ಲ. ಅದ್ಕೇ ಕೂತಿವ್ನಿ” ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಬರೀ ಸುಸ್ತಿತ್ತು. “ಹುಳದ್ ಮನೇಲಿ ನಾವು ಹೆಸ್ರೆತ್ತದೆ ಇರಾದು ಯಾವ್ದುಕ್ಕೆ ಹೇಳು ಕಮ್ಲಿ. ಬಡಕಲು ಹುಳುಕ್ಕಾ? ಮೇಯ್ದೆ ಇರಾದುಕ್ಕಾ? ಹಬ್ಬಾದುಕ್ಕೆ. ಕೇಳುದ್ನಲ್ಲ ನಿನ್ನ, ಹೆಸ್ರೈತಾ ಅಂತ. ನೀನು ಹೆಸ್ರೆತ್ಲಿಲ್ಲ. ರವಿ ಎತ್ಲಿಲ್ಲ. ನಾನ್ ಒಳಿಕ್ ಬಂದ್ರೆ ಎಲ್ರೂ ಬಾಯ್ ಮುಚ್ಕತೀರಿ. ನಂಗಷ್ಟೂ ತಿಳಿಯಾಕಿಲ್ವಾ? ಮನೇಲಿ ಎಳೇ ಕೂಸೈತೆ. ಕೆಟ್ಟ ಹುಳ ಆರ್ಸಿ ಎಸಿಬೇಕಾದೋಳು ನಾನೇ. ಅದ್ಕೆ ನನ್ನ ನಾನೇ ಆರ್ಸ್ಕೊಂಡೆ.”

ಮೂವತ್ತು ವರ್ಷ ಮಕ್ಕಳಿಗೆ ಅಂಟುರೋಗ ಯಾವುದು, ಅಂಟದ ರೋಗ ಯಾವುದು ಎಂದು ಕರಿಹಲಗೆಯ ಮೇಲೆ ಎರಡು ಭಾಗ ಮಾಡಿ ಬರೆಸಿದವಳು ನಾನು. ನನ್ನ ಒಡಹುಟ್ಟಿದವಳು ನನ್ನದೇ ಮೌನವನ್ನು ಓದಿ, ತನಗೆ ಗೊತ್ತಿದ್ದ ವಿದ್ಯೆಯಿಂದ ಅದಕ್ಕೊಂದು ಅರ್ಥ ಮಾಡಿಕೊಂಡು, ಎರಡು ತಿಂಗಳು ಈ ಕಲ್ಲಿನ ಹತ್ತಿರ ಉಂಡಿದ್ದಳು. ಅವಳ ಲೆಕ್ಕದಲ್ಲಿ ತಪ್ಪಿರಲಿಲ್ಲ. ನಾವು ಅವಳ ಮನೆಯ ಕಟ್ಟುಪಾಡಿನಂತೆಯೇ ನಡೆದುಕೊಂಡಿದ್ದೆವು. ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು. ಮೂರು ದಿನ ತಡೆದು ಬಂದಿದ್ದರೆ ಅವಳು ಶೆಡ್ಡಿಗೆ ಹೋಗಿ ಮಲಗಿರುತ್ತಿದ್ದಳು, ಔಷಧಿ ನಿಂತಿರುತ್ತಿತ್ತು.

ಗೆರೆ ದಾಟಿ ಅವಳ ಪಕ್ಕ ಕುಕ್ಕರಿಸಿದೆ. “ಅಕ್ಕ, ಅದರ ಹೆಸರು ಕ್ಯಾನ್ಸರ್. ಎದೆಯ ಕ್ಯಾನ್ಸರ್. ಹಾಲು ಬರುವ ನಾಳದಲ್ಲಿ ಹುಟ್ಟಿದೆ. ಅಂಟುವಂಥದ್ದಲ್ಲ. ಮುಟ್ಟಿದರೆ ಬರಲ್ಲ, ಎಂಜಲಿಂದ ಬರಲ್ಲ, ಒಂದೇ ಹಾಸಿಗೆಯಲ್ಲಿ ಮಲಗಿದರೂ ಬರಲ್ಲ. ನಾನು ನಿನಗೆ ಸುಳ್ಳು ಹೇಳಿದೆ.” ಒಂದೇ ಉಸಿರಿಗೆ ಹೇಳಿ ಮುಗಿಸಿ, ಅವಳು ಎದೆ ಬಡಿದುಕೊಳ್ಳುವುದನ್ನೇ ಕಾಯುತ್ತಾ ಕೂತೆ.

ಅಕ್ಕ ಎದೆ ಬಡಿದುಕೊಳ್ಳಲಿಲ್ಲ. “ಕ್ಯಾನ್ಸರ್ರು” ಎಂದು ಒಂದು ಸಲ ತನ್ನಷ್ಟಕ್ಕೆ ಹೇಳಿ ನೋಡಿದಳು. ಆಮೇಲೆ, “ಕೂಸಿಗೆ ಬರಾಕಿಲ್ವಾ?” ಎಂದಳು. ಬರಲ್ಲ ಎಂದೆ. “ಎತ್ಕೊಂಡ್ರೂ?” ಎತ್ತಿಕೊಂಡರೂ. “ನನ್ ತಟ್ಟೇಲಿ ಉಣ್ಸುದ್ರೂ?” ಉಣಿಸಿದರೂ. ಆಗ ನೋಡಿ, ಬಂತು ಅವಳಿಗೆ ಕೋಪ! “ಅಯ್ಯೋ ನಿನ್ನ ಮನೆ ಹಾಳಾಗ, ಮುಂಡೇದೆ! ಸಾಯಾದು ಎಲ್ರಿಗೂ ಐತೆ, ಇವತ್ತಲ್ಲ ನಾಳೆ. ಅದ್ಕೆ ನಾನ್ ಹೆದ್ರುಕೊಂಡಿದ್ನಾ? ಎರಡು ತಿಂಗ್ಳು ನನ್ ಮೊಮ್ಮಗಳ ಮುಟ್ದಂಗೆ ಮಾಡುದ್ಯಲ್ಲೇ! ಅದು ಹಲ್ಲು ಬುಟ್ಟೈತೆ, ನಾನ್ ದೂರದಿಂದ ನೋಡ್ದೆ.” ಹೇಳುತ್ತಾ ಹೇಳುತ್ತಾ ಅತ್ತುಬಿಟ್ಟಳು. ನಾನೂ ಅತ್ತೆ. ಬಾಗಿಲಲ್ಲಿ ನಿಂತಿದ್ದ ಮಂಜುಳ ಕೂಸನ್ನು ಎದೆಗೊತ್ತಿಕೊಂಡು ಹೊಸಿಲ ಮೇಲೆ ಕೂತಳು.

ಅಳು ನಿಂತ ಮೇಲೆ ಮಂಜುಳ ಕೂಸನ್ನು ಮುಂದೆ ಚಾಚಿದಳು. ಅಕ್ಕ ಕೈ ನೀಡಲಿಲ್ಲ. ಮುಖ ಒರೆಸಿಕೊಂಡು ನನ್ನ ಕಡೆ ತಿರುಗಿದಳು. “ಅವತ್ತೂ ಹಿಂಗೇ ಹೇಳ್ದೆ ನೀನು, ಗಡ್ಡೆ ಅಂತ. ಇವತ್ತು ಹೇಳ್ತಿರಾದು ದಿಟ ಅಂತ ನಾನು ಹೆಂಗ್ ನಂಬ್ಲಿ?” ಅವಳು ಪಕ್ಕದಲ್ಲಿದ್ದ ತನ್ನ ತಟ್ಟೆ ಎಳೆದುಕೊಂಡಳು. ಅದರಲ್ಲಿ ಅವಳು ತಿಂದು ಬಿಟ್ಟಿದ್ದ ಅರ್ಧ ಮುದ್ದೆ, ಸೊಪ್ಪಿನ ಸಾರು ಇತ್ತು. ನನ್ನ ಮುಂದಿಟ್ಟು, “ಉಣ್ಣು” ಎಂದಳು.

ಉಂಡೆ. ಮುದ್ದೆ ತಣ್ಣಗಾಗಿ ಗಟ್ಟಿಯಾಗಿತ್ತು, ಸಾರಿನ ಮೇಲೆ ಕೆನೆ ಕಟ್ಟಿತ್ತು. ನಾನು ಒಂದೊಂದು ತುತ್ತು ಎತ್ತುವಾಗಲೂ ಅಕ್ಕ, ಹುಳು ಸೊಪ್ಪು ಮೇಯುವುದನ್ನು ನೋಡುವ ಹಾಗೆ, ರೆಪ್ಪೆ ಹೊಡೆಯದೆ ನೋಡುತ್ತಿದ್ದಳು. ಕೊನೆಯ ತುತ್ತು ನುಂಗಿ, ತಟ್ಟೆಯನ್ನು ಬೆರಳಿನಿಂದ ಬಳಿದು ನೆಕ್ಕಿದೆ. ಸಾರು ಸರಿದ ಜಾಗದಲ್ಲಿ, ಅಪ್ಪ ಕೊರೆಸಿದ್ದ ‘ಸಾಕಮ್ಮ’ ಕಾಣಿಸಿತು. ಅಕ್ಕ ಎದ್ದು, ಚೊಂಬಿನ ನೀರಿನಲ್ಲಿ ಕೈ ತೊಳೆದು, ಸೆರಗಿಗೆ ಒರೆಸಿಕೊಂಡು, ಆ ಸುಣ್ಣದ ಗೆರೆಯನ್ನು ಅಂಗಾಲಿನಿಂದ ಉಜ್ಜಿದಳು.

“ಕೊಡವ್ವ ಕೂಸ” ಎಂದಳು.

ಮೂರನೆಯ ಔಷಧಿಗೆ ಹೋದಳು, ನಾಲ್ಕನೆಯದಕ್ಕೂ. ಇನ್ನೂ ಆಪರೇಷನ್ ಇದೆ, ಆಮೇಲೆ ರೇಡಿಯೇಷನ್ನು, ನಮ್ಮ ಜನರ ಬಾಯಲ್ಲಿ ಕರೆಂಟು, ಕೊಡುವುದಿದೆ. ಮುಂದೇನು ಎನ್ನುವುದು ನನಗೆ ಗೊತ್ತಿಲ್ಲ, ಅವಳಿಗೂ ಗೊತ್ತಿಲ್ಲ. ಗೊತ್ತಿಲ್ಲ ಎನ್ನುವುದನ್ನು ಈಗ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತೇವೆ. ರೈಲಿನಲ್ಲಿ ಯಾರಾದರೂ ಏನಮ್ಮಾ ಕಾಯಿಲೆ ಎಂದರೆ ಇಡೀ ಬೋಗಿಗೆ ಕೇಳಿಸುವಂತೆ ಹೆಸರು ಹೇಳಿ, “ಅಂಟಾಕಿಲ್ಲ, ಒಸಿ ಸರ್ಕೊಂಡು ಜಾಗ ಕೊಡಿ” ಎನ್ನುತ್ತಾಳೆ. ನಮ್ಮ ಜಗಲಿಗೆ ಕವರುಗಳು ಬರುವುದು ನಿಂತಿಲ್ಲ, ನನ್ನ ದಣಿವೂ ಕಡಿಮೆಯಾಗಿಲ್ಲ. ಗೇಟಿನವರೆಗೆ ಯಾರನ್ನೂ ಕರೆದುಕೊಂಡು ಹೋಗುವುದನ್ನು ಮಾತ್ರ ಬಿಟ್ಟಿದ್ದೇನೆ. ಚಾಪೆಯ ಮೇಲೆ ಕೂತವರಿಗೇ ಹೆಸರು ಹೇಳುತ್ತೇನೆ, ಹೇಳಿದ ಮೇಲೆ ಅವರ ಮುಖ ಏನಾಗುತ್ತದೋ ಅದನ್ನು ಪಕ್ಕದಲ್ಲಿ ಕೂತು ನೋಡುತ್ತೇನೆ.

ನನ್ನ ತಟ್ಟೆ ಈಗಲೂ ಅಕ್ಕನ ಸ್ಟ್ಯಾಂಡಿನಲ್ಲೇ ಇದೆ. ಅದರಲ್ಲಿ ಕೂಸು ಉಣ್ಣುತ್ತದೆ. ನಾನು ಹೋದ ದಿನ ಅಕ್ಕ ತನ್ನ ತಟ್ಟೆಯಲ್ಲೇ ಮುದ್ದೆ ಮುರಿದು, ಮೊದಲು ತಾನೆರಡು ತುತ್ತು ಉಂಡು, ಆಮೇಲೆ ಅದನ್ನು ನನ್ನ ಕಡೆ ತಳ್ಳುತ್ತಾಳೆ. ನಾನು ಏನೂ ಕೇಳದೆ ಉಣ್ಣುತ್ತೇನೆ. ಉಂಡು ಮುಗಿಸುವವರೆಗೂ ಅವಳು ನೋಡುತ್ತಲೇ ಇರುತ್ತಾಳೆ.